ಅಜ್ಜಿಯ ಡಬ್ಬಿಯ ನಾಣ್ಯಗಳ ಫೋಟೋ ತೆಗೆಯಬೇಕು: ಯಾವ ಲೆನ್ಸ್, ಎಂಥ ಬೆಳಕು?

ಕಾಳಿ ದಂಡೆ, ಕಾರವಾರ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಈ ಚರ್ಚಾ ವೇದಿಕೆಯಲ್ಲಿ ಸುಮ್ನೆ ಓದುತ್ತಿದ್ದೆ, ಬರೆಯುವುದು ಇದೇ ಮೊದಲು.

ನಮ್ಮ ಅಜ್ಜಿಯ ಹತ್ತಿರ ಒಂದು ಹಿತ್ತಾಳೆ ಡಬ್ಬಿ ಇದೆ. ದೀಪಾವಳಿಯ ಲಕ್ಷ್ಮಿ ಪೂಜೆಗೆ ಮಾತ್ರ ಅದು ಹೊರಗೆ ಬರುತ್ತದೆ. ಒಳಗೆ 14 ಬೆಳ್ಳಿ ರೂಪಾಯಿ ಇವೆ. ವಿಕ್ಟೋರಿಯಾ ರಾಣಿ, ಏಳನೇ ಎಡ್ವರ್ಡ್, ಐದನೇ ಜಾರ್ಜ್, ಮೂವರದ್ದೂ ಇವೆ. ಗೋವಾದ ಪೋರ್ಚುಗೀಸರ ಬೆಳ್ಳಿ ರೂಪಾಯಿ ಒಂದು, 1882ರದ್ದು. ತೂತು ಕಾಸು ಒಂದು ಹಿಡಿ. ಕಾಲಾಣೆ ಕೆಲವು. ಕಡಲೆಬೇಳೆಯಷ್ಟು ಸಣ್ಣ ಎರಡು ಚಿನ್ನದ ಹಣ, ಅಂದರೆ ಹಳೆಯ ಕಾಲದ ಪುಟ್ಟ ಚಿನ್ನದ ನಾಣ್ಯ.

ಅಜ್ಜಿಗೆ ಈಗ 86. ಈ ದೀಪಾವಳಿ ಆದ ಮೇಲೆ ಡಬ್ಬಿಯನ್ನು ನಾಲ್ಕು ಮಕ್ಕಳಿಗೆ ಪಾಲು ಮಾಡಿ ಕೊಡುತ್ತೇನೆ ಎಂದಿದ್ದಾರೆ. ಒಂದು ಪಾಲು ಪುಣೆಗೆ, ಒಂದು ಹುಬ್ಬಳ್ಳಿಗೆ ಹೋಗುತ್ತದೆ. ಅದಕ್ಕೆ ಮೊದಲು ಪ್ರತಿಯೊಂದು ನಾಣ್ಯದ ಎರಡೂ ಬದಿ ಚೆನ್ನಾಗಿ ಫೋಟೋ ತೆಗೆದು ಇಡಬೇಕು. ಆಮೇಲೆ ಅವು ಮತ್ತೆ ಒಟ್ಟಿಗೆ ಸೇರುವುದು ಕಷ್ಟ.

ಮೊಬೈಲಿನ ಫ್ಲ್ಯಾಶ್‌ನಲ್ಲಿ ತೆಗೆದೆ. ನಡುವೆ ಬಿಳಿ ಚುಕ್ಕೆ, ಉಳಿದದ್ದು ಕಪ್ಪು. ಒಂದು ಅಂಗಡಿಯವರು ಹೇಳಿದರು ಅಂತ ರಿಂಗ್ ಲೈಟ್ ತಂದೆ. ಈಗ ರಾಣಿಯ ಕೆನ್ನೆಯ ಮೇಲೆ ಬಿಳಿ ಬಳೆ ಕಾಣುತ್ತದೆ. ಅಣ್ಣನ ಹಳೆಯ ನಿಕಾನ್ ಡಿಎಸ್‌ಎಲ್‌ಆರ್ ಇದೆ, 24 ಮೆಗಾಪಿಕ್ಸೆಲ್. ಅದರ ಜೊತೆ 18-55 ಲೆನ್ಸ್ ಮತ್ತು 50 ಎಂಎಂ ಎಫ್ 1.8. ನನ್ನ ಹತ್ತಿರ ಇರುವುದು 25 ಸಾವಿರ. ತುಂಬ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ತೆಗೆದುಕೊಳ್ಳಲೇ? ಯಾವುದು?

ಸಿರ್ಸಿ ಘಟ್ಟ

ತಂಗಿ, ಮೊದಲು ಒಂದು ಮಾತು. ನಾಣ್ಯಗಳನ್ನು ತೊಳೆಯಬೇಡ. ಹುಣಸೆಹಣ್ಣು, ವಿಭೂತಿ, ಸೋಡಾ, ಟೂತ್‌ಪೇಸ್ಟ್, ಏನೂ ಬೇಡ. ಫೋಟೋಕ್ಕೆ ಚೆಂದ ಕಾಣಲಿ ಅಂತ ಉಜ್ಜಿದವರನ್ನು ನಾನು ತುಂಬ ನೋಡಿದ್ದೇನೆ. ಉಜ್ಜಿದ ಬೆಳ್ಳಿಯ ಮೇಲೆ ಕೂದಲೆಳೆಯಂಥ ಗೀರುಗಳು ಬೀಳುತ್ತವೆ. ಅವು ಕಣ್ಣಿಗೆ ಕಾಣದಿದ್ದರೂ ಒಳ್ಳೆಯ ಫೋಟೋದಲ್ಲಿ ಕಂಡೇ ಕಾಣುತ್ತವೆ. ನೂರು ವರ್ಷದಲ್ಲಿ ಕೂತ ಕಪ್ಪು-ನೀಲಿ ಬಣ್ಣ ಒಂದು ನಿಮಿಷದಲ್ಲಿ ಹೋಗುತ್ತದೆ, ಮತ್ತೆ ಬರುವುದಿಲ್ಲ. ಪೂಜೆಯ ಕುಂಕುಮ ಅಂಟಿದ್ದರೆ ಅದೂ ಇರಲಿ. ಅದು ಆ ನಾಣ್ಯದ ಕಥೆಯೇ ಅಲ್ವಾ?

ಈಗ ನಿನ್ನ ಪ್ರಶ್ನೆ. ಮ್ಯಾಕ್ರೋ ಲೆನ್ಸ್ ಇವತ್ತೇ ಬೇಡ. ನಾಣ್ಯದ ಫೋಟೋದಲ್ಲಿ ಮುಕ್ಕಾಲು ಪಾಲು ಕೆಲಸ ಬೆಳಕಿನದು. ನಿನ್ನ ಕ್ಯಾಮೆರಾ ಸಾಕು, 50 ಎಂಎಂ ಲೆನ್ಸೂ ಸಾಕು. ಬೇಕಾಗಿರುವುದು ಒಂದು ಸೆಟ್ ಎಕ್ಸ್‌ಟೆನ್ಶನ್ ಟ್ಯೂಬ್ (ಕ್ಯಾಮೆರಾ ಮತ್ತು ಲೆನ್ಸಿನ ನಡುವೆ ಹಾಕುವ ಟೊಳ್ಳು ಕೊಳವೆ), ಕ್ಯಾಮೆರಾವನ್ನು ನೆಲಮುಖವಾಗಿ ಅಲುಗಾಡದೆ ಹಿಡಿಯುವ ಒಂದು ಸ್ಟ್ಯಾಂಡ್, ಮತ್ತೆ ಎರಡು ಟೇಬಲ್ ಲ್ಯಾಂಪ್.

ಟ್ಯೂಬ್‌ನ ಲೆಕ್ಕ ಸುಲಭ. ಟ್ಯೂಬ್‌ನ ಉದ್ದವನ್ನು ಲೆನ್ಸಿನ ಎಂಎಂನಿಂದ ಭಾಗಿಸು. ಲೆನ್ಸಿನ ಫೋಕಸ್ ಅತಿ ದೂರಕ್ಕೆ (ಇನ್ಫಿನಿಟಿ) ಇದ್ದಾಗ, ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ನಾಣ್ಯ ತನ್ನ ನಿಜ ಅಳತೆಯ ಅಷ್ಟು ಪಟ್ಟು ಬೀಳುತ್ತದೆ. ಸೆಟ್‌ನಲ್ಲಿ ಸಾಮಾನ್ಯವಾಗಿ 12, 20, 36 ಎಂಎಂ ಮೂರು ಟ್ಯೂಬ್ ಇರುತ್ತವೆ. 50ರ ಲೆನ್ಸಿಗೆ 20ರ ಟ್ಯೂಬ್ ಹಾಕಿದರೆ 0.4 ಪಟ್ಟು. ಬೆಳ್ಳಿ ರೂಪಾಯಿ ಸುಮಾರು 30 ಎಂಎಂ ಅಗಲ. ಸೆನ್ಸರ್ ಮೇಲೆ ಅದು 12 ಎಂಎಂ ಆಗಿ ಬೀಳುತ್ತದೆ. ನಿನ್ನ ಸೆನ್ಸರಿನ ಎತ್ತರ 15.6 ಎಂಎಂ. ಸುತ್ತ ಸ್ವಲ್ಪ ಜಾಗ ಬಿಟ್ಟು ಸರಿಯಾಗಿ ಕೂರುತ್ತದೆ. ನಾಣ್ಯದ ಅಡ್ಡಳತೆಗೆ ಸುಮಾರು 3,000 ಪಿಕ್ಸೆಲ್ ಸಿಗುತ್ತದೆ. ದೊಡ್ಡದಾಗಿ ಮುದ್ರಿಸಿ ಗೋಡೆಗೆ ಹಾಕಬಹುದು.

ಚಿನ್ನದ ಹಣ 6-7 ಎಂಎಂ ಅಷ್ಟೇ ಇರುತ್ತದೆ. ಅದಕ್ಕೆ ಮೂರೂ ಟ್ಯೂಬ್ ಸೇರಿಸು. 68 ಎಂಎಂ, ಅಂದರೆ ಸುಮಾರು 1.36 ಪಟ್ಟು. ಆಗ ಲೆನ್ಸ್ ತುಂಬ ಹತ್ತಿರ ಬರುತ್ತದೆ, ಬೆಳಕು ಬಿಡುವುದು ಕಷ್ಟ. ಅದನ್ನು ಕೊನೆಗೆ ಇಟ್ಟುಕೋ.

ಟ್ಯೂಬ್ ತೆಗೆದುಕೊಳ್ಳುವಾಗ ಒಳಗೆ ಚಿನ್ನದ ಬಣ್ಣದ ಪಿನ್‌ಗಳು ಇವೆಯೇ ಅಂತ ನೋಡು. ಬರೀ ಲೋಹದ ಬಳೆಯಂಥ ಟ್ಯೂಬ್ ಅಗ್ಗ. ಆದರೆ ನಿಕಾನ್‌ನ ಜಿ ಲೆನ್ಸ್‌ಗಳಲ್ಲಿ ಅಪರ್ಚರ್ ರಿಂಗ್, ಅಂದರೆ ಬೆಳಕು ಬಿಡುವ ತೂತನ್ನು ಕೈಯಿಂದ ಹೊಂದಿಸುವ ಬಳೆ, ಇಲ್ಲ. ಪಿನ್ ಇಲ್ಲದ ಟ್ಯೂಬ್ ಹಾಕಿದರೆ ಅಪರ್ಚರ್ ಪೂರ್ತಿ ಕಿರಿದಾಗಿ ಕೂತುಬಿಡುತ್ತದೆ.

ಕಾಳಿ ದಂಡೆ, ಕಾರವಾರ

ಅಯ್ಯೋ, ಕಳೆದ ವರ್ಷ ಚಿಕ್ಕಮ್ಮ ಎರಡು ರೂಪಾಯಿಯನ್ನು ಹುಣಸೆಹಣ್ಣಿನಲ್ಲಿ ಉಜ್ಜಿಬಿಟ್ಟಿದ್ದಾರೆ ಅಣ್ಣ. ಉಳಿದವನ್ನು ಯಾರೂ ಮುಟ್ಟದ ಹಾಗೆ ನೋಡಿಕೊಳ್ಳುತ್ತೇನೆ. ಬೆಳಕಿನ ಬಗ್ಗೆ ಇನ್ನೂ ಸ್ವಲ್ಪ ಹೇಳಿ. ರಿಂಗ್ ಲೈಟ್ ಯಾಕೆ ಆಗಲಿಲ್ಲ?

ಸಿರ್ಸಿ ಘಟ್ಟ

ಬೆಳ್ಳಿ ನಾಣ್ಯ ಅಂದರೆ ಒಂದು ಸಣ್ಣ ಕನ್ನಡಿ ಅಂತ ತಿಳಿದುಕೋ. ಕನ್ನಡಿಗೆ ಬೆಳಕು ಹಾಕಿದರೆ ಕನ್ನಡಿ ಕಾಣುವುದಿಲ್ಲ, ದೀಪ ಕಾಣುತ್ತದೆ. ರಿಂಗ್ ಲೈಟ್ ಲೆನ್ಸಿನ ಸುತ್ತಲೇ ಇರುತ್ತದೆ. ಅದರ ಬೆಳಕು ನಾಣ್ಯಕ್ಕೆ ಬಡಿದು ನೇರ ಲೆನ್ಸಿಗೇ ವಾಪಸು ಬರುತ್ತದೆ. ಅದೇ ನೀನು ಕಂಡ ಬಿಳಿ ಬಳೆ. ಇನ್ನೊಂದು ತೊಂದರೆ ಇದೆ. ಸುತ್ತಲಿಂದಲೂ ಒಂದೇ ಸಮ ಬೆಳಕು ಬಿದ್ದರೆ ನೆರಳೇ ಇರುವುದಿಲ್ಲ. ನೆರಳು ಇಲ್ಲದಿದ್ದರೆ ಉಬ್ಬು-ತಗ್ಗು ಕಾಣುವುದಿಲ್ಲ. ನಾಣ್ಯ ಚಪ್ಪಟೆ ಬಿಲ್ಲೆಯಾಗುತ್ತದೆ.

ಎರಡು ಲ್ಯಾಂಪ್ ಇಡು. ನಾಣ್ಯವನ್ನು ಗಡಿಯಾರ ಅಂದುಕೊಂಡರೆ ಒಂದು ಹತ್ತು ಗಂಟೆಯ ಕಡೆ, ಇನ್ನೊಂದು ಎರಡು ಗಂಟೆಯ ಕಡೆ. ಎರಡೂ ಎತ್ತರದಲ್ಲಿ, ಲೆನ್ಸಿಗೆ ತಾಗದಷ್ಟು ಹತ್ತಿರ. ಹತ್ತು ಗಂಟೆಯದು ಸ್ವಲ್ಪ ಜೋರು, ಎರಡು ಗಂಟೆಯದು ಸ್ವಲ್ಪ ಮಂದ. ಬೆಳಕು ಯಾವಾಗಲೂ ಮೇಲಿನಿಂದಲೇ ಬರಬೇಕು. ಸೂರ್ಯ ಮೇಲಿರುತ್ತಾನೆ ಅಂತ ನಮ್ಮ ಕಣ್ಣಿಗೆ ಅಭ್ಯಾಸವಾಗಿದೆ. ಆರು ಗಂಟೆಯ ಕಡೆಯಿಂದ ಬೆಳಕು ಕೊಟ್ಟು ನೋಡು, ರಾಣಿಯ ಮುಖ ಉಬ್ಬುವ ಬದಲು ಒಳಗೆ ಕುಸಿದ ಹಾಗೆ ಕಾಣುತ್ತದೆ. ನಾನು ಮೊದಲ ಸಲ ನೋಡಿದಾಗ ನಾಣ್ಯವೇ ಬದಲಾಯಿತೇನೋ ಅನ್ನಿಸಿತ್ತು.

ಲ್ಯಾಂಪ್ ಎಷ್ಟು ಎತ್ತರ ಅನ್ನುವುದು ಆಯಾ ನಾಣ್ಯವೇ ಹೇಳುತ್ತದೆ. ಸವೆದ ನಾಣ್ಯಕ್ಕೆ ಬೆಳಕನ್ನು ಕೆಳಗೆ ಇಳಿಸು, ಓರೆಯಾಗಿ ಬೀಳಲಿ. ಸವೆದ ಅಕ್ಷರವೂ ಆಗ ನೆರಳು ಚೆಲ್ಲುತ್ತದೆ. ಹೊಸದರ ಹಾಗೆ ಮಿಂಚುವ ನಾಣ್ಯಕ್ಕೆ ಬೆಳಕು ಎತ್ತರದಲ್ಲಿರಲಿ, ಬಲ್ಬ್ ಸಣ್ಣದಿರಲಿ. ಟಂಕಸಾಲೆಯ ಮಿಂಚು ಕಾಣಬೇಕಾದರೆ ಸಣ್ಣ, ಚುರುಕಾದ ಬೆಳಕೇ ಬೇಕು. ತುಂಬ ಜನ ಇಲ್ಲಿ ತಪ್ಪು ಮಾಡುತ್ತಾರೆ. ಬೆಳಕು ಮೆತ್ತಗಿರಲಿ ಅಂತ ಬಟರ್ ಪೇಪರ್ ಎರಡು ಮೂರು ಪದರ ಕಟ್ಟುತ್ತಾರೆ. ಆಗ ಮಿಂಚೆಲ್ಲ ಸತ್ತು ನಾಣ್ಯ ಬೂದಿ ಬಣ್ಣಕ್ಕೆ ತಿರುಗುತ್ತದೆ. ಒಂದು ಪದರ ಸಾಕು. ಅದೂ ಬೇಕು ಅನ್ನಿಸಿದರೆ ಮಾತ್ರ.

ಬಲ್ಬ್ ಕೊಳ್ಳುವಾಗ ಡಬ್ಬದ ಮೇಲೆ ಸಿಆರ್‌ಐ ಅಂತ ಬರೆದಿರುತ್ತದೆ, 90ಕ್ಕಿಂತ ಜಾಸ್ತಿ ಇರಲಿ. ಅದು ಕಡಿಮೆ ಇದ್ದರೆ ತಾಮ್ರದ ಕೆಂಪು, ಚಿನ್ನದ ಹಳದಿ ಸರಿಯಾಗಿ ಬರುವುದಿಲ್ಲ. ಎರಡೂ ಬಲ್ಬ್ ಒಂದೇ ಕಂಪನಿಯ ಒಂದೇ ಮಾದರಿಯದಾಗಿರಲಿ. ಕಿಟಕಿ ಮುಚ್ಚು, ಟ್ಯೂಬ್‌ಲೈಟ್ ಆರಿಸು. ಎರಡು ತರದ ಬೆಳಕು ಬೆರೆತರೆ ನಾಣ್ಯದ ಒಂದು ಕೆನ್ನೆ ನೀಲಿ, ಇನ್ನೊಂದು ಹಳದಿ. ಆಮೇಲೆ ಅದನ್ನು ಸರಿ ಮಾಡಲಾಗುವುದಿಲ್ಲ.

ಶರಾವತಿ ಕಡವು, ಹೊನ್ನಾವರ

ನಾನು ಬರೀ ಮೊಬೈಲಿನಲ್ಲೇ ತೆಗೆಯುವವನು. ಹಾಗಾಗಿ ನನ್ನದೂ ಒಂದೆರಡು ಮಾತು ಇರಲಿ. ಕ್ಯಾಮೆರಾ ಇಲ್ಲದವರೂ ಇದನ್ನು ಓದುತ್ತಿರಬಹುದು.

ಮೊಬೈಲಿನಲ್ಲಿ ಮ್ಯಾಕ್ರೋ ಅಂತ ಇರುತ್ತದಲ್ಲ, ಅದನ್ನು ಮುಟ್ಟಬೇಡಿ. ತುಂಬ ಫೋನುಗಳಲ್ಲಿ ಅದು ಅಗಲ ಕೋನದ ಲೆನ್ಸು. ನಾಣ್ಯದ ಮೇಲೆ ಎರಡು ಮೂರು ಸೆಂಟಿಮೀಟರ್‌ಗೆ ಹೋಗಬೇಕು. ಫೋನೇ ಬೆಳಕಿಗೆ ಅಡ್ಡ ಬರುತ್ತದೆ. 2 ಅಥವಾ 3 ಪಟ್ಟಿನ ಟೆಲಿ ಲೆನ್ಸ್ ಇದ್ದರೆ ಅದನ್ನು ಬಳಸಿ, ದೂರ ಇಡಿ, ಆಮೇಲೆ ಸುತ್ತ ಕತ್ತರಿಸಿ. ಫೋನನ್ನು ಕೈಯಲ್ಲಿ ಹಿಡಿಯಬೇಡಿ. ನಾನು ಎರಡು ಅಕ್ಕಿ ಡಬ್ಬದ ಮೇಲೆ ಒಂದು ಗಾಜಿನ ತುಂಡು ಇಟ್ಟು, ಅದರ ಮೇಲೆ ಫೋನ್ ಮಲಗಿಸುತ್ತೇನೆ. ಟೈಮರ್ 3 ಸೆಕೆಂಡ್.

ಬೆಳಕಿಗೆ ನಾನು ದುಡ್ಡೇ ಕೊಟ್ಟಿಲ್ಲ. ನಮ್ಮದು ಹಂಚಿನ ಮನೆ. ನಡುಮನೆಯ ಮಾಡಿನಲ್ಲಿ ಒಂದು ಗಾಜಿನ ಹಂಚು ಇದೆ. ಹೊರಗೆ ಮೋಡ ಇದ್ದಾಗ ಅದರಿಂದ ಇಳಿಯುವ ಬೆಳಕು ಎಷ್ಟು ಚೆಂದ ಅಂದರೆ ಹೇಳಲು ಬರುವುದಿಲ್ಲ. ಮೇಲಿನಿಂದ ಒಂದೇ ಕಡೆಯಿಂದ ಬರುತ್ತದೆ. ನಾಣ್ಯವನ್ನು ಅದರ ನೇರ ಕೆಳಗೆ ಇಡದೆ ಒಂದು ಮೊಳ ಆಚೆ ಇಟ್ಟರೆ ನೆರಳೂ ಸಿಗುತ್ತದೆ. ಮಳೆಗಾಲದ ಮೋಡದ ಬೆಳಕಿನಲ್ಲಿ ಜಗಲಿಯಲ್ಲೂ ತೆಗೆಯಬಹುದು. ಬಿಸಿಲಲ್ಲಿ ಮಾತ್ರ ಬೇಡ.

ಒಂದು ವಿಷಯ ಕಲಿಯಲು ನನಗೆ ವರ್ಷವೇ ಬೇಕಾಯಿತು. ನನ್ನ ಬೆಳ್ಳಿ ನಾಣ್ಯಗಳೆಲ್ಲ ಫೋಟೋದಲ್ಲಿ ಕೆಂಪಗೆ ಬರುತ್ತಿದ್ದವು. ಫೋನ್ ಕೆಟ್ಟಿದೆ ಅಂದುಕೊಂಡಿದ್ದೆ. ಕಾರಣ ಮಾಡಿನ ಕೆಂಪು ಹಂಚು, ಕೆಂಪು ಕಾವಿ ನೆಲ. ಕನ್ನಡಿ ಅಂತ ಸಿರ್ಸಿಯವರು ಹೇಳಿದರಲ್ಲ, ಅದೇ. ಈಗ ನಾಣ್ಯದ ಮೂರು ಕಡೆ ಬಿಳಿ ಡ್ರಾಯಿಂಗ್ ಹಾಳೆ ನಿಲ್ಲಿಸುತ್ತೇನೆ. ಹಾಕುವ ಅಂಗಿಯೂ ಕಪ್ಪೋ ಬೂದಿಯೋ ಇರಲಿ.

ಸಿರ್ಸಿ ಘಟ್ಟ

ಗಾಜಿನ ಹಂಚಿನ ಮಾತು ನನಗೆ ತುಂಬ ಹಿಡಿಸಿತು. ನಮ್ಮ ಅಡಿಗೆಮನೆಯಲ್ಲೂ ಒಂದಿದೆ, ಹೊಗೆಗೆ ಕಪ್ಪಾಗಿದೆ. ನಾಳೆಯೇ ಒರೆಸಿ ನೋಡುತ್ತೇನೆ.

ಹಳೇ ಸ್ಟುಡಿಯೋ, ಕುಮಟಾ

ತಂಗಿ, ಸ್ಟ್ಯಾಂಡಿನ ಬಗ್ಗೆ ನಾನು ಹೇಳುತ್ತೇನೆ. ಮೂವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದವನು ನಾನು.

ಟ್ರೈಪಾಡ್ ಇದ್ದರೂ ನೇರ ಕೆಳಗೆ ನೋಡುವ ಹಾಗೆ ಕ್ಯಾಮೆರಾ ಇಟ್ಟರೆ ಮುಂದಕ್ಕೆ ವಾಲುತ್ತದೆ. ಕಾಲುಗಳ ನೆರಳು ನಾಣ್ಯದ ಮೇಲೆ ಬೀಳುತ್ತದೆ. ಕಾಪಿ ಸ್ಟ್ಯಾಂಡ್ ಅಂತ ಬೇರೆ ಸಿಗುತ್ತದೆ. ಆದರೆ ಅದಕ್ಕಿಂತ ಗಟ್ಟಿಯಾದದ್ದು ನಿಮ್ಮೂರಲ್ಲೇ ಯಾರದೋ ಅಟ್ಟದ ಮೇಲೆ ಧೂಳು ತಿನ್ನುತ್ತಿರಬಹುದು. ಅದು ಎನ್‌ಲಾರ್ಜರ್. ಡಾರ್ಕ್‌ರೂಮಿನಲ್ಲಿ ನೆಗೆಟಿವ್‌ನಿಂದ ದೊಡ್ಡ ಪ್ರಿಂಟ್ ಮಾಡುತ್ತಿದ್ದ ಯಂತ್ರ. ಡಿಜಿಟಲ್ ಬಂದ ಮೇಲೆ ಎಲ್ಲ ಸ್ಟುಡಿಯೋಗಳಲ್ಲೂ ಮೂಲೆ ಸೇರಿತು. ಕೆಲವರು ಗುಜರಿಗೆ ಹಾಕಿದರು. ಕಾರವಾರ, ಅಂಕೋಲಾ, ಕುಮಟಾ, ಹಳೆಯ ಸ್ಟುಡಿಯೋದವರನ್ನು ಕೇಳಿ ನೋಡು.

ಭಾರವಾದ ಹಲಗೆ, ಅದರ ಮೇಲೆ ಉಕ್ಕಿನ ಕಂಬ, ಹಿಡಿಕೆ ತಿರುಗಿಸಿದರೆ ತಲೆ ಮೇಲೆ-ಕೆಳಗೆ ಹೋಗುತ್ತದೆ. ಆ ತಲೆಯನ್ನು ಬಿಚ್ಚಿ ತೆಗೆ. ಅಲ್ಲಿಗೆ ಒಂದು ಕಬ್ಬಿಣದ ಪಟ್ಟಿ ಹಾಕಿಸಿ, ಕಾಲು ಇಂಚಿನ ಬೋಲ್ಟ್‌ನಿಂದ ಕ್ಯಾಮೆರಾ ಕೂರಿಸು. ಕ್ಯಾಮೆರಾದ ತಳದ ತೂತು ಕಾಲು ಇಂಚಿನದೇ, ಇಂಚಿಗೆ 20 ತಿರುಪಿನ ಮರೆ. ಯಾವ ಲೇತ್ ಅಂಗಡಿಯಲ್ಲೂ ಮಾಡಿಕೊಡುತ್ತಾರೆ.

ಅದರ ಲೆನ್ಸನ್ನು ಬಿಸಾಡಬೇಡ! 50 ಎಂಎಂ ಅಥವಾ 75 ಎಂಎಂ ಎಲ್-ನಿಕ್ಕೋರ್ (ನಿಕಾನ್‌ನ ಎನ್‌ಲಾರ್ಜರ್ ಲೆನ್ಸ್) ಇದ್ದರೆ ಅದೃಷ್ಟ. ಎನ್‌ಲಾರ್ಜರ್ ಲೆನ್ಸನ್ನು ಮಾಡುವುದೇ ಚಪ್ಪಟೆ ನೆಗೆಟಿವ್‌ನಿಂದ ಚಪ್ಪಟೆ ಕಾಗದದ ಮೇಲೆ ಅಂಚಿನವರೆಗೂ ಚೂಪಾಗಿ ಮೂಡಿಸಲು. ನಾಣ್ಯವೂ ಚಪ್ಪಟೆಯೇ ಅಲ್ವಾ? ತುಂಬ ಎನ್‌ಲಾರ್ಜರ್ ಲೆನ್ಸ್‌ಗಳ ಮರೆ 39 ಎಂಎಂ. ಒಂದು ಅಡಾಪ್ಟರ್ ಬಳೆ, ಒಂದು ಬೆಲ್ಲೋಸ್ (ಹಿಗ್ಗಿಸಿ ಕುಗ್ಗಿಸುವ ಮಡಿಕೆ ಕೊಳವೆ) ಇದ್ದರೆ ನಿನ್ನ ನಿಕಾನ್‌ಗೆ ಕೂರುತ್ತದೆ. ರೂಪಾಯಿಯಂಥ ದೊಡ್ಡ ನಾಣ್ಯಕ್ಕೆ ಲೆನ್ಸ್ ನೇರ ಇರಲಿ. ಹಣದಂಥ ಸಣ್ಣದನ್ನು ನಿಜ ಅಳತೆಗಿಂತ ದೊಡ್ಡದು ಮಾಡುವಾಗ ಲೆನ್ಸನ್ನು ತಿರುಗಿಸಿ ಹಾಕಬೇಕು. ಕೊಳ್ಳುವ ಮೊದಲು ಅದರ ಮೂಲಕ ದೀಪ ನೋಡು. ಒಳಗೆ ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್, ಬಿಟ್ಟುಬಿಡು.

ಕ್ಯಾಮೆರಾ ನಾಣ್ಯಕ್ಕೆ ಸರಿಯಾಗಿ ಲಂಬವಾಗಿದೆಯೇ ಅಂತ ನೋಡಲು ಮಟ್ಟಗೋಲು ಬೇಡ. ನಾಣ್ಯ ಇಡುವ ಜಾಗದಲ್ಲಿ ಒಂದು ಚಪ್ಪಟೆ ಕನ್ನಡಿ ಇಡು. ಲೈವ್ ವ್ಯೂನಲ್ಲಿ, ಅಂದರೆ ಕ್ಯಾಮೆರಾದ ಹಿಂದಿನ ಪರದೆಯಲ್ಲಿ, ನೋಡಿದರೆ ಲೆನ್ಸಿಗೆ ತನ್ನ ಮುಖವೇ ಕಾಣುತ್ತದೆ. ಆ ಮುಖ ಚಿತ್ರದ ನಟ್ಟ ನಡುವೆ ಬಂತೋ, ಎಲ್ಲ ಸರಿ. ಪಕ್ಕಕ್ಕೆ ಸರಿದಿದ್ದರೆ ಕ್ಯಾಮೆರಾ ವಾಲಿದೆ. ನಾಣ್ಯದ ಒಂದು ಅಂಚು ಚೂಪು, ಇನ್ನೊಂದು ಮಸುಕು ಬರುವುದು ಇದರಿಂದಲೇ. ಜನ ಲೆನ್ಸನ್ನು ಬೈಯುತ್ತಾರೆ.

ಕಾಳಿ ದಂಡೆ, ಕಾರವಾರ

ಅಂಕಲ್, ಕನ್ನಡಿಯ ಉಪಾಯ ಈಗಲೇ ಮಾಡಿ ನೋಡಿದೆ. ನನ್ನ ಕ್ಯಾಮೆರಾ ಎಷ್ಟು ವಾಲಿತ್ತು ಅಂತ ಗೊತ್ತಾಯಿತು. ತುಂಬ ಉಪಕಾರ. ಎನ್‌ಲಾರ್ಜರ್ ಹುಡುಕಲು ಅಪ್ಪನಿಗೆ ಹೇಳಿದ್ದೇನೆ.

ಸೆಟ್ಟಿಂಗ್ ಏನು ಇಡಲಿ? ಅಪರ್ಚರ್ ತುಂಬ ಕಿರಿದು ಮಾಡಿ ಎಫ್ 22 ಇಟ್ಟರೆ ಎಲ್ಲ ಚೂಪು ಬರುತ್ತದೆ ಅಂತ ಅಣ್ಣ ಹೇಳುತ್ತಾನೆ.

ಸಿರ್ಸಿ ಘಟ್ಟ

ಬೇಡ. ಹತ್ತಿರದಿಂದ ತೆಗೆಯುವಾಗ ಅಪರ್ಚರ್ ನೀನು ಇಟ್ಟದ್ದಕ್ಕಿಂತ ಕಿರಿದಾದ ಹಾಗೆ ಕೆಲಸ ಮಾಡುತ್ತದೆ. ಎಷ್ಟು ಪಟ್ಟು ಅನ್ನುವುದಕ್ಕೆ ಒಂದು ಕೂಡಿಸಿ, ಅದರಿಂದ ಇಟ್ಟ ಎಫ್ ಸಂಖ್ಯೆಯನ್ನು ಗುಣಿಸು. ನಿಜ ಅಳತೆಯಲ್ಲಿ (1 ಪಟ್ಟು) ಎಫ್ 8 ಅಂದರೆ ಎಫ್ 16ರ ಹಾಗೆ. ಎಫ್ 22 ಇಟ್ಟರೆ ಎಫ್ 44! ಅಷ್ಟು ಸಣ್ಣ ತೂತಿನಲ್ಲಿ ಬೆಳಕು ಹರಡಿಕೊಂಡು ಇಡೀ ಚಿತ್ರವೇ ಮೆತ್ತಗಾಗುತ್ತದೆ. ರೂಪಾಯಿಗೆ ಎಫ್ 8, ಹಣಕ್ಕೆ ಎಫ್ 5.6. ಹಣದ ಉಬ್ಬು ಪೂರ್ತಿ ಚೂಪು ಬರದಿದ್ದರೆ ಫೋಕಸ್ ಸ್ವಲ್ಪ ಸ್ವಲ್ಪ ಸರಿಸಿ ಎಂಟು ಹತ್ತು ಫೋಟೋ ತೆಗೆ. ಅವನ್ನು ಒಂದು ಮಾಡುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ.

ಐಎಸ್‌ಒ (ಬೆಳಕಿನ ಸಂವೇದನೆ) 100. ಮ್ಯಾನುಯಲ್. ರಾ ಫೈಲ್, ಅಂದರೆ ಕ್ಯಾಮೆರಾ ತಿದ್ದದ ಮೂಲ ಫೈಲ್. ಕಪ್ಪು ಹಿನ್ನೆಲೆ ಇಟ್ಟರೆ ಕ್ಯಾಮೆರಾ ಕತ್ತಲೆ ಅಂತ ತಪ್ಪು ತಿಳಿದು ಬೆಳಕು ಜಾಸ್ತಿ ಮಾಡುತ್ತದೆ, ಬೆಳ್ಳಿ ಸುಟ್ಟು ಬಿಳಿಯಾಗುತ್ತದೆ. ಹಾಗಾಗಿ ಆಟೋ ಬೇಡ. ಬಿಳಿ ಸಮತೋಲವನ್ನು (ವೈಟ್ ಬ್ಯಾಲೆನ್ಸ್) ಅದೇ ದೀಪದ ಕೆಳಗೆ ಬೂದಿ ಬಣ್ಣದ ಕಾರ್ಡ್ ಇಟ್ಟು ಹೊಂದಿಸು. ಶಟರ್ 1/50ಕ್ಕಿಂತ ನಿಧಾನ ಇರಲಿ, 1/10 ಆದರೂ ಸರಿ. ನಮ್ಮ ಕರೆಂಟು 50 ಹರ್ಟ್ಸ್. ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ವೇಗದ ಶಟರ್‌ನಲ್ಲಿ ಅದೇ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಲೈವ್ ವ್ಯೂ ಹಾಕಿ, ಪೂರ್ತಿ ದೊಡ್ಡದು ಮಾಡಿ, ಕೈಯಿಂದ ಫೋಕಸ್ ಮಾಡು. ಆಮೇಲೆ ಟೈಮರ್, ಕೈ ತೆಗೆ.

ನಿಧಾನ ಶಟರ್ ಅಂದ ಮೇಲೆ ಅಲುಗಾಟ ಮುಖ್ಯ. ಫ್ಯಾನ್ ಆರಿಸು. ಮಾಳಿಗೆಯ ಹಲಗೆ ನೆಲ ಬೇಡ, ಕೆಳಗಿನ ಗಟ್ಟಿ ನೆಲದಲ್ಲಿ ಮಾಡು. ನಿಮ್ಮ ಮನೆ ಹೆದ್ದಾರಿ ಪಕ್ಕವಾದರೆ ಲಾರಿ ಹೋಗುವವರೆಗೆ ಕಾಯಬೇಕು.

ಉಪ್ಪುಗಾಳಿ, ಅಂಕೋಲಾ

ಕರಾವಳಿಯವರು ಮರೆಯಬಾರದ ಒಂದು ವಿಷಯ ಯಾರೂ ಎತ್ತಲಿಲ್ಲ. ಫಂಗಸ್. ನಾನು ಎರಡು ವರ್ಷ ದುಡ್ಡು ಕೂಡಿಸಿ 90 ಎಂಎಂ ಮ್ಯಾಕ್ರೋ ತೆಗೆದುಕೊಂಡಿದ್ದೆ. ಮಳೆಗಾಲದಲ್ಲಿ ಅದನ್ನು ಚರ್ಮದ ಚೀಲದಲ್ಲಿ ಹಾಕಿ ಮರದ ಕಪಾಟಿನಲ್ಲಿ ಇಟ್ಟೆ. ದಸರೆಗೆ ತೆಗೆದು ನೋಡಿದರೆ ಒಳಗಾಜಿನ ಮೇಲೆ ಬೇರು ಬಿಟ್ಟ ಹಾಗೆ ಬಿಳಿ ಎಳೆ. ಬಿಚ್ಚಿ ತೊಳೆಸಿದೆ, ಗಾಜಿನ ಲೇಪಕ್ಕೆ ಕಲೆ ಉಳಿದುಬಿಟ್ಟಿತು. ಆ ಲೆನ್ಸ್ ನೋಡಿದಾಗ ಇವತ್ತಿಗೂ ಬೇಸರವಾಗುತ್ತದೆ.

ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವ ತೋರಿಸುವ ಒಂದು ಸಣ್ಣ ಮೀಟರ್. ಮುಳ್ಳು 40ರಿಂದ 50ರ ನಡುವೆ ಇರಲಿ. ಜೆಲ್‌ನ ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು.

ನಾಣ್ಯಕ್ಕೂ ಇದೇ ಮಾತು. ನಮ್ಮ ಗಾಳಿಯಲ್ಲಿ ಉಪ್ಪಿದೆ. ತಾಮ್ರ, ಕಂಚಿನ ನಾಣ್ಯದ ಮೇಲೆ ತಿಳಿ ಹಸಿರು ಪುಡಿ ಚುಕ್ಕೆ ಚುಕ್ಕೆಯಾಗಿ ಎದ್ದರೆ ಅದು ಸಾಮಾನ್ಯ ಕಿಲುಬಲ್ಲ. ಉಪ್ಪಿನ ಕ್ಲೋರೈಡ್ ಲೋಹವನ್ನು ಒಳಗಿಂದ ತಿನ್ನುತ್ತಿದೆ ಅಂತ ಅರ್ಥ. ತೇವ ಇದ್ದಷ್ಟೂ ಅದು ಹೆಚ್ಚುತ್ತದೆ. ಅಂಥದ್ದನ್ನು ಬೇರೆಯಾಗಿ ಒಣ ಡಬ್ಬದಲ್ಲಿ ಇಡಿ, ಆರು ತಿಂಗಳಿಗೊಮ್ಮೆ ಅದೇ ಬೆಳಕಿನಲ್ಲಿ ಫೋಟೋ ತೆಗೆಯಿರಿ. ಚುಕ್ಕೆ ಬೆಳೆದಿದೆಯೇ ಅಂತ ಎರಡು ಫೋಟೋ ಪಕ್ಕ ಇಟ್ಟರೆ ತಕ್ಷಣ ಗೊತ್ತಾಗುತ್ತದೆ. ತಂಗಿಯ ತೂತು ಕಾಸುಗಳು 1943ರಿಂದ 47ರವರೆಗಿನ ಕಂಚಿನವು, ಒಮ್ಮೆ ನೋಡಿಕೊಳ್ಳಲಿ. ಮೆತ್ತನೆಯ ಪಿವಿಸಿ ಚೀಲದಲ್ಲಿ ಮಾತ್ರ ಇಡಬೇಡಿ. ಅದು ಅಂಟು ಬಿಡುತ್ತದೆ.

ವರದಾ ತೀರ, ಬನವಾಸಿ

ಕಾರವಾರದವರು ಕೇಳಿದ್ದರಿಂದ ಒಂದು ವಿಷಯ ಹೇಳಬೇಕು ಅನ್ನಿಸಿತು. ನಿಮ್ಮ ಕಾರವಾರದ ಹೆಸರು ನಾಣ್ಯಶಾಸ್ತ್ರದಲ್ಲಿ ಗಟ್ಟಿಯಾಗಿ ಇದೆ. ಸಾತವಾಹನರ ಕಾಲದ ಆಸುಪಾಸಿನ ದೊಡ್ಡ ಸೀಸದ ನಾಣ್ಯಗಳು ಆ ಭಾಗದಲ್ಲಿ ಸಿಕ್ಕಿವೆ. ಮೂಲಾನಂದ, ಚುಟುಕುಲಾನಂದ ಅನ್ನುವ ರಾಜರ ಹೆಸರು ಬ್ರಾಹ್ಮಿ ಲಿಪಿಯಲ್ಲಿದೆ. ಒಂದು ಬದಿ ಕಮಾನುಗಳ ಬೆಟ್ಟ, ಇನ್ನೊಂದು ಬದಿ ಕಟಕಟೆಯೊಳಗೆ ಮರ.

ಸೀಸದ ಫೋಟೋ ತೆಗೆಯುವುದು ಬೆಳ್ಳಿಗೆ ಪೂರಾ ಉಲ್ಟಾ. ಮಿಂಚೇ ಇಲ್ಲ, ಮಸಿ ಬಣ್ಣ. ಎರಡು ದೀಪ ಎತ್ತರದಲ್ಲಿ ಇಟ್ಟರೆ ಏನೂ ಕಾಣುವುದಿಲ್ಲ. ಒಂದೇ ದೀಪ, ಬಹಳ ಕೆಳಗೆ, ನಾಣ್ಯದ ಮೈಗೆ ಸವರಿಕೊಂಡು ಹೋಗುವ ಹಾಗೆ. ಎದುರು ಬದಿ ಒಂದು ಬಿಳಿ ಕಾಗದ. ಆಮೇಲೆ ನಾಣ್ಯವನ್ನು ಮುಟ್ಟದೆ ದೀಪವನ್ನೇ ಗಡಿಯಾರದ ಮುಳ್ಳಿನಂತೆ ಸುತ್ತ ಸರಿಸುತ್ತಾ ಎಂಟು ಫೋಟೋ ತೆಗೆಯಬೇಕು. ಒಂದರಲ್ಲಿ ಕಾಣದ ಅಕ್ಷರ ಇನ್ನೊಂದರಲ್ಲಿ ಎದ್ದು ಬರುತ್ತದೆ. ಇದರಿಂದ ಓದಲು ಸಾಧ್ಯವಾದಾಗ ಸಿಗುವ ಸಂತೋಷ ಬೇರೆಯೇ. ಸೀಸ ವಿಷ, ಮುಟ್ಟಿದ ಮೇಲೆ ಕೈ ತೊಳೆಯಿರಿ. ಮರದ ಪೆಟ್ಟಿಗೆಯಲ್ಲಿ ಇಡಬೇಡಿ. ಮರದಿಂದ ಬರುವ ಹುಳಿ ಆವಿಗೆ ಸೀಸ ಬಿಳಿ ಪುಡಿಯಾಗುತ್ತದೆ.

ಇದನ್ನು ಓದಿ ಯಾರಾದರೂ ತೋಟ ಅಗೆಯಲು ಹೊರಡಬಾರದು. ನೆಲದಲ್ಲಿ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು ಅಂತ 1878ರಿಂದಲೇ ಕಾನೂನಿದೆ.

ಮತ್ತೆ ಚಿನ್ನದ ನಾಣ್ಯದ ಮಾತು. ಇಕ್ಕೇರಿಯ ವರಾಹ (ಹಣಕ್ಕಿಂತ ದೊಡ್ಡ ಚಿನ್ನದ ನಾಣ್ಯ) ಯಾರ ಮನೆಯಲ್ಲಾದರೂ ಇದ್ದರೆ ಹಿಂಬದಿಯನ್ನು ಚೆನ್ನಾಗಿ ತೆಗೆಯಿರಿ. ಮುಂಬದಿಯ ಶಿವ-ಪಾರ್ವತಿಯರನ್ನು ಹೈದರಾಲಿಯೂ ಹಾಗೆಯೇ ಉಳಿಸಿಕೊಂಡ. ಹಿಂಬದಿಯಲ್ಲಿ ಮಾತ್ರ ತನ್ನ ಹೆಸರಿನ ಮೊದಲ ಅಕ್ಷರವನ್ನು ಪಾರ್ಸಿಯಲ್ಲಿ ಹಾಕಿಸಿದ. ಎರಡೂ ಬದಿ ಇಲ್ಲದ ಫೋಟೋದಿಂದ ಯಾರ ನಾಣ್ಯ ಅಂತಲೇ ಹೇಳಲು ಬರುವುದಿಲ್ಲ.

ಸಿರ್ಸಿ ಘಟ್ಟ

ತಂಗಿ, ನಿನ್ನ ಐದನೇ ಜಾರ್ಜ್ ರೂಪಾಯಿಗಳಲ್ಲಿ 1911ರದ್ದು ಇದೆಯಾ? ಇದ್ದರೆ ಅದನ್ನು ಎಲ್ಲದಕ್ಕಿಂತ ಹೆಚ್ಚು ಗಮನ ಕೊಟ್ಟು ತೆಗೆ. ದೊರೆಯ ನಿಲುವಂಗಿಯ ಮೇಲೆ ಒಂದು ಸಣ್ಣ ಆನೆ ಇದೆ. ಆ ವರ್ಷದ ಅಚ್ಚಿನಲ್ಲಿ ಅದು ಹಂದಿಯ ಹಾಗೆ ಕಾಣುತ್ತದೆ ಅಂತ ಗಲಾಟೆಯಾಯಿತು. 1912ರಿಂದ ಅಚ್ಚು ತಿದ್ದಿದರು. ಸೊಂಡಿಲು ಕಾಣಬೇಕಾದರೆ ಎದೆಯ ಕಡೆಗೆ ಓರೆ ಬೆಳಕು ಬೇಕು.

ಕಾಳಿ ದಂಡೆ, ಕಾರವಾರ

ಮೂರು ವಾರ ಆಯಿತು, ತಡವಾಗಿದ್ದಕ್ಕೆ ಕ್ಷಮಿಸಿ. ಎನ್‌ಲಾರ್ಜರ್ ಸಿಕ್ಕಿತು! ಅಪ್ಪನ ಸ್ನೇಹಿತರೊಬ್ಬರ ಮನೆಯ ಅಟ್ಟದಲ್ಲಿತ್ತು. ದುಡ್ಡು ಬೇಡ, ಬಳಕೆಯಾದರೆ ಸಾಕು ಅಂದರು. ಲೆನ್ಸ್‌ನಲ್ಲಿ ಫಂಗಸ್ ಇತ್ತು, ಕಂಬ ಮಾತ್ರ ಕಲ್ಲಿನ ಹಾಗಿದೆ. ಪಿನ್ ಇರುವ ಟ್ಯೂಬ್, ಎರಡು ಲ್ಯಾಂಪ್, ಬೂದಿ ಕಾರ್ಡ್, ಒಣ ಡಬ್ಬ, ಎಲ್ಲ ಸೇರಿ ನನ್ನ ದುಡ್ಡಿನ ಅರ್ಧವೂ ಖರ್ಚಾಗಲಿಲ್ಲ.

ಮೊನ್ನೆ ಭಾನುವಾರ ಬೆಳಿಗ್ಗೆಯಿಂದ ಕೂತೆವು. ಅಜ್ಜಿ ಪಕ್ಕದಲ್ಲೇ ಮಣೆ ಹಾಕಿ ಕೂತು ಒಂದೊಂದೇ ನಾಣ್ಯ ಕೊಟ್ಟರು. ಅಂಚು ಹಿಡಿದೇ ಕೊಡಬೇಕು ಅಂದಾಗ, ನನಗೆ ಹೇಳಿಕೊಡಬೇಡ ಅಂದರು. ನಾಣ್ಯವನ್ನು ಒಂದು ಸಣ್ಣ ಬಾಟಲಿ ಮುಚ್ಚಳದ ಮೇಲೆ ಎತ್ತಿ ಇಟ್ಟು, ಹಿಂದಿನ ಬೂದಿ ಕಾಗದ ಮಸುಕಾಗಿ ಬರುವ ಹಾಗೆ ಮಾಡಿದೆ. ಚಿಕ್ಕಮ್ಮ ಉಜ್ಜಿದ ಎರಡರ ಮೇಲೆ ಗೀರುಗಳು ನೀವು ಹೇಳಿದ ಹಾಗೆಯೇ ಕಂಡವು. 1911 ಇದೆ. ಎಡದ ಲ್ಯಾಂಪನ್ನು ಇಳಿಸಿದ ಕೂಡಲೆ ಆನೆ ಕಂಡಿತು. ಅಜ್ಜಿ ಪರದೆಯಲ್ಲಿ ನೋಡಿ ಇದು ಆನೆಯೇ ಅಂದರು.

ಇನ್ನೊಂದು ಸಂಗತಿ. 1878ರ ಒಂದು ರೂಪಾಯಿಯಲ್ಲಿ ರಾಣಿಯ ತಲೆಯ ಮೇಲುಗಡೆ ಅಂಚಿನಲ್ಲಿ ಸಣ್ಣ ಗಂಟು ಕಂಡಿತು. ಬರಿಗಣ್ಣಿಗೆ ಯಾವತ್ತೂ ಕಂಡಿರಲಿಲ್ಲ. ಓರೆ ಬೆಳಕಿನಲ್ಲಿ ಬೆಸುಗೆ ಹಾಕಿ ಕಿತ್ತ ಗುರುತು ಅಂತ ಗೊತ್ತಾಯಿತು. ಅಜ್ಜಿಗೆ ತೋರಿಸಿದೆ. ತುಂಬ ಹೊತ್ತು ನೋಡಿದರು. ಅವರ ಅತ್ತೆಯ ಕೊರಳಲ್ಲಿ ರೂಪಾಯಿ ಸರ ಇತ್ತಂತೆ. ಯಾರದೋ ಮದುವೆಗೆ ಸರ ಮುರಿಸಿದರು, ಒಂದು ರೂಪಾಯಿ ಮಾತ್ರ ಉಳಿಸಿಕೊಂಡರು ಅಂತ ಕೇಳಿದ್ದರಂತೆ. ಅದು ಯಾವುದು ಅಂತ ಈವರೆಗೆ ಅವರಿಗೂ ಗೊತ್ತಿರಲಿಲ್ಲ. ಅದನ್ನು ಪಾಲಿಗೆ ಹಾಕುವುದಿಲ್ಲ ಅಂತ ತೆಗೆದು ಬೇರೆ ಇಟ್ಟರು.

ಫೋಟೋಗಳನ್ನು ಇಲ್ಲಿ ಹಾಕಲೇ?

ವರದಾ ತೀರ, ಬನವಾಸಿ

ಓದಿ ಕಣ್ಣು ತುಂಬಿ ಬಂತು ತಂಗಿ. ಅಜ್ಜಿ ಹೇಳಿದ್ದನ್ನು ಹಾಗೆಯೇ ಫೋಟೋದ ಜೊತೆ ಬರೆದಿಡು. ತೂಕ, ಅಳತೆಯನ್ನೂ ಬರೆ. ನಿನ್ನ ಪೋರ್ಚುಗೀಸ್ ರೂಪಾಯಿ ಬ್ರಿಟಿಷರ ರೂಪಾಯಿಯಷ್ಟೇ ತೂಗಬೇಕು, 11.66 ಗ್ರಾಂ. ಸವೆದಿದ್ದರೆ ಸ್ವಲ್ಪ ಕಡಿಮೆ.

ಉಪ್ಪುಗಾಳಿ, ಅಂಕೋಲಾ

ಹಾಕು, ನಾವೆಲ್ಲ ಕಾಯುತ್ತಿದ್ದೇವೆ. ಮೊಬೈಲಿನಿಂದ ಕಳಿಸುವುದಾದರೆ ಫೋಟೋದೊಳಗಿನ ಲೊಕೇಶನ್ ಅಳಿಸಿ ಕಳಿಸು. ಚಿನ್ನ-ಬೆಳ್ಳಿ ಯಾವ ಮನೆಯಲ್ಲಿದೆ ಅಂತ ಊರಿಗೆಲ್ಲ ಗೊತ್ತಾಗುವುದು ಬೇಡ.

ಸಿರ್ಸಿ ಘಟ್ಟ

ಕ್ಯಾಮೆರಾ ಇನ್ನೂ ಕಂಬದ ಮೇಲೇ ಇದೆಯಾ ತಂಗಿ? ಇದ್ದರೆ ಇಳಿಸಬೇಡ. ಆ 1878ರ ರೂಪಾಯಿಯ ಅಂಚನ್ನೂ ತೆಗೆಯಬೇಕು. ಎರಡು ರಬ್ಬರ್ ತುಂಡಿನ ನಡುವೆ ನಾಣ್ಯವನ್ನು ನಿಲ್ಲಿಸು, ಬೆಸುಗೆಯ ಜಾಗ ಮೇಲೆ ಬರಲಿ. ಒಂದೇ ದೀಪ ಸಾಕು, ಎಡದ್ದು. ರೂಪಾಯಿಯ ಅಂಚಿನಲ್ಲಿ ಸುತ್ತ ಸಣ್ಣ ಗೆರೆಗಳಿರುತ್ತವೆ. ಕೊಂಡಿ ಎಷ್ಟು ಅಗಲವಿತ್ತು ಅಂತ ಆ ಗೆರೆ ಅಳಿಸಿದ ಕಡೆ ಅಳತೆ ಸಿಗುತ್ತದೆ.